ಎಡಗೈ ಪೆಟ್ಟಿನ ಕಲ್ಲು

ನಾನು ಮುಂಬೈಗೆ ಹೋಗಿ ಬಂದವನು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಸಮುದ್ರದ ಸುದ್ದಿ. "ಆ ಕಡಿ ದಂಡಿನೇ ಕಾಣಂಗಿಲ್ಲಂತಲ್ರೀ, ಖರೇನಾ?" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹನ್ನೊಂದು ದಿನ ಆ ಊರಿನಲ್ಲಿ ಒಬ್ಬನೇ ತಿರುಗಿದೆ. ಸಮುದ್ರ ನೋಡಲಿಲ್ಲ. ದೊಡ್ಡ ದೊಡ್ಡ ಮಹಡಿಗಳಿದ್ದವಂತೆ, ಅವುಗಳ ತುದಿಯನ್ನೂ ನೋಡಲಿಲ್ಲ. ನಾನು ನೋಡಿದ್ದು ಮೆಟ್ಟಿಲು, ಹೊಸ್ತಿಲು, ಕಟ್ಟೆ, ಗಟಾರದ ಅಂಚು. ಯಾಕೆ ಅಂತ ಹೇಳಿದರೆ ಕೇಳಿದವರಿಗೆ ನಗು ಬರುತ್ತದೆ. ನನಗೆ ಈ ವಯಸ್ಸಿನಲ್ಲೂ ಸಿಟ್ಟೇ ಬರುತ್ತದೆ.

ನಮ್ಮೂರು ಶಹಾಬಾದ. ಆಗ ನಿಜಾಮರ ರಾಜ್ಯ. ನಮಗೆ ಹೊಲ ಇತ್ತು, ಆದರೆ ಮೊಳದುದ್ದ ಮಣ್ಣು ತೆಗೆದರೆ ಸಾಕು, ಕೆಳಗೆ ಬರೀ ಕಲ್ಲು. ಹಾಗಾಗಿ ಅಜ್ಜನ ಕಾಲಕ್ಕೇ ಬಿತ್ತುವುದು ಬಿಟ್ಟು ಹೊಲವನ್ನೇ ಖಣಿ ಮಾಡಿದ್ದರು. ಕಲ್ಲು ನಮ್ಮಲ್ಲಿ ಪದರು ಪದರಾಗಿ ಇರುತ್ತದೆ. ಹಾರೆ ಹಾಕಿ ಒಂದೊಂದೇ ಪದರು ಎಬ್ಬಿಸಿ, ಉಳಿ ಸುತ್ತಿಗೆಯಿಂದ ಅಂಚು ಹೊಡೆದು, ಅಳತೆಗೆ ತಂದು ರೈಲಿಗೆ ಹಾಕಬೇಕು. ಅಂಚು ಹೊಡೆಯುವುದು ನಾಜೂಕಿನ ಕೆಲಸ. ಒಂದು ಪೆಟ್ಟು ತಪ್ಪಿದರೆ ಕಲ್ಲು ಸೀಳಿ ಹೋಗುತ್ತದೆ. ಈ ಕೆಲಸದಲ್ಲಿ ನನ್ನ ಅಣ್ಣನನ್ನು ಮೀರಿಸುವವರು ಇರಲಿಲ್ಲ.

ಅಣ್ಣ ಎಡಚ. ಅದೇ ಎಲ್ಲಕ್ಕೂ ಮೂಲವಾಯಿತು. ನಾವು ಲಿಂಗವಂತರು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ಅಪ್ಪನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. "ಲಿಂಗ ಹಿಡಿಯೋ ಕೈಲೆ ಪೆಟ್ಟು ಹಾಕಬ್ಯಾಡ." ಎಡಗೈಯಲ್ಲಿ ಉಳಿ ಹಿಡಿಯಬಹುದಂತೆ, ಸುತ್ತಿಗೆ ಹಿಡಿಯಬಾರದಂತೆ! ಯಾವ ಸ್ವಾಮಿಗಳೂ ಹೇಳದ ಈ ಶಾಸ್ತ್ರ ಅಪ್ಪನೇ ಹುಟ್ಟಿಸಿದ್ದು. ಅಪ್ಪ ಎದುರಿಗಿದ್ದಾಗ ಅಣ್ಣ ಬಲಗೈಯಲ್ಲಿ ಹೊಡೆದು ಕಲ್ಲು ಹಾಳು ಮಾಡುತ್ತಿದ್ದ. ಅಪ್ಪ ಆ ಕಡೆ ಹೋದನೋ, ಸುತ್ತಿಗೆ ಎಡಗೈಗೆ ಬರುತ್ತಿತ್ತು. ಒಂದು ದಿನ ಅಪ್ಪ ಹಿಂದಿನಿಂದ ಬಂದು ನೋಡಿದ. ಖಣಿಯ ಆಳುಗಳೆಲ್ಲ ನೋಡುತ್ತಿರುವಾಗ, ಮದುವೆಯಾಗಿ ಎರಡು ವರ್ಷವಾದ ಮಗನನ್ನು ಹಗ್ಗದಿಂದ ಬಾರಿಸಿದ. "ಇವತ್ತಿನಿಂದ ನೀ ನನ್ನ ಪಾಲಿಗಿ ಸತ್ತಿ" ಅಂದ. ಅಣ್ಣ ಸಂಜೆಗೆ ಮನೆಗೆ ಬರಲಿಲ್ಲ.

ಮರುದಿನ ವಾಡಿ ಸ್ಟೇಷನ್ನಿನ ಹಮಾಲನೊಬ್ಬ ಸುದ್ದಿ ತಂದ. ಅಣ್ಣ ಗಂಟು ಹಿಡಿದುಕೊಂಡು ಅಲ್ಲಿ ಗಾಡಿಗೆ ನಿಂತಿದ್ದನಂತೆ. ಮುಂಬೈ ಗಾಡಿಯಲ್ಲಿ ಕುಳಿತುಕೊಳ್ಳಲು ಜಾಗ ಸಿಗಲಿ ಅಂತ ನಮ್ಮವರು ಒಂದು ಸ್ಟೇಷನ್ ಹಿಂದಕ್ಕೆ ವಾಡಿಗೆ ಹೋಗಿ ಹತ್ತುವ ರೂಢಿ ಇತ್ತು. ಮನೆ ಬಿಟ್ಟು ಓಡಿದವರೆಲ್ಲ ಮುಂಬೈಗೇ ಓಡುತ್ತಿದ್ದರು. ಹಾಗಾಗಿ ಅಣ್ಣನೂ ಮುಂಬೈಗೆ ಹೋದ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟೆವು. ನಾನೂ ಹೌದೆಂದೆ.

ಮೂರು ವರ್ಷ ಒಂದು ಕಾಗದ ಇಲ್ಲ. ಮೂರನೆಯ ವರ್ಷದ ಬೇಸಿಗೆಯಲ್ಲಿ ಅಪ್ಪ ಓಣಿಯ ಹಿರಿಯರನ್ನು ಕೂಡಿಸಿದ. "ಸತ್ತಾನ. ಸೊಸಿ ಬಳಿ ಒಡಸಿ ತವರಿಗಿ ಕಳಸೂನು" ಅಂದ. ತಾನು ಬಾಯಿಬಿಟ್ಟು ಆಡಿದ ಮಾತು ನಿಜವಾಗಲೇಬೇಕು ಎಂಬ ಹಟ ಅವನದು. ಹಿರಿಯರು ಪಂಚಮಿಯ ತನಕ ನೋಡೋಣ ಅಂದರು. ಒಳಗಿನಿಂದ ವೈನಿ, ಅಂದರೆ ಅಣ್ಣನ ಹೆಂಡತಿ, ತಲೆ ಮೇಲೆ ಸೆರಗು ಹೊದ್ದು ಹೊರಗೆ ಬಂದಳು. "ಯಾರರ ಬಳಿಗಿ ಕೈ ಹಚ್ಚಿದ್ರ ನೋಡ್ರಿ" ಅಂದಳು. ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದರು.

ಆಮೇಲೆ ನನ್ನನ್ನು ಹಿತ್ತಲಿಗೆ ಕರೆದಳು.

"ತಮ್ಮಾ, ನೀ ಹೋಗಿ ನೋಡ್ಕೊಂಡು ಬಾ. ಇದ್ರ ಅದಾರ ಅನ್ನು, ಇಲ್ಲಂದ್ರ ಇಲ್ಲ ಅನ್ನು. ನಡುವ ಹಿಂಗ ಜೋತಾಡ್ಲಿಕ್ಕ ನನ್ನ ಕೈಲೆ ಆಗವಲ್ದು."

"ಅಷ್ಟು ದೊಡ್ಡ ಊರಾಗ ಎಲ್ಲಿ ಹುಡಕಲಿ ವೈನಿ?"

"ಅವರ ಕೈ ಪೆಟ್ಟು ನಿನಗ ಗೊತ್ತಿಲ್ಲೇನು? ಕಲ್ಲು ನೋಡು." ಆಮೇಲೆ ಸೇರಿಸಿದಳು, "ಮತ್ತ ಸಮುದ್ರ ನೋಡ್ಕೊಂಡು ಬಾ. ಹ್ಯಾಂಗದ ಅಂತ ನಂಗ ಹೇಳು. ನಮಗ ಯಾರ ತೋರಸ್ತಾರ!"

ಅವಳು ಹೇಳಿದ್ದು ಸರಿಯಾಗಿತ್ತು. ಬಲಗೈಯವರು ಅಂಚು ಹೊಡೆದರೆ ಉಳಿಯ ಗೀರುಗಳೆಲ್ಲ ಒಂದು ಕಡೆಗೆ ವಾಲುತ್ತವೆ, ಎಡಚ ಹೊಡೆದರೆ ಇನ್ನೊಂದು ಕಡೆಗೆ. ಸಾವಿರ ಕಲ್ಲಿನ ನಡುವೆಯೂ ಅಣ್ಣನ ಕಲ್ಲು ನನಗೆ ತಿಳಿಯುತ್ತಿತ್ತು. ಕಂಬಳಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಧೋತರ, ಉಳಿ ಸುತ್ತಿಗೆ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಹೊರಟೆ. ವಾಡಿಯಲ್ಲಿ ಸುಂಕದ ಚೌಕಿಯ ಜವಾನ ಗಂಟು ಬಿಚ್ಚಿಸಿದ. ಉಳಿ ಎತ್ತಿ ಹಿಡಿದು "ಬಂಬಯಿ ತೋಡ್ನೆ ಜಾರಾ ಕ್ಯಾ ರೇ?" ಅಂತ ನಕ್ಕ. ಮುಂಬೈ ಒಡೆಯಲು ಹೊರಟೆಯಾ ಅಂತ. ನಾನು ಹಲ್ಲು ಕಚ್ಚಿಕೊಂಡು ಗಂಟು ಮತ್ತೆ ಕಟ್ಟಿದೆ.

ಮುಂಬೈಯಲ್ಲಿ ಇಳಿದವನೇ ನೋಡಿದ್ದು ನನ್ನ ಕಾಲ ಕೆಳಗೆ. ನಮ್ಮ ಕಲ್ಲು! ಬೇರೆ ಮುಲುಕು, ಬೇರೆ ಭಾಷೆ, ಗುರುತಿನ ಮುಖ ಒಂದೂ ಇಲ್ಲ, ಆದರೆ ನೆಲ ನಮ್ಮನೆಯದು. ಒಂದು ಗಳಿಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೋಟು ಹಾಕಿದವನೊಬ್ಬ ನನ್ನ ಮುಂದೆಯೇ ಆ ಕಲ್ಲಿನ ಮೇಲೆ ಪಿಚಕ್ಕನೆ ಪಾನು ಉಗುಳಿ ಹೋದ. ನಾಲ್ಕು ಜನ ಹೆಗಲು ಕೊಟ್ಟು ಮೇಲೆತ್ತಿದ ಕಲ್ಲು ಕಣ್ರೀ ಅದು! ಹಿಂದೆ ಓಡಿ ಅವನ ಕೊರಳಪಟ್ಟಿ ಹಿಡಿಯಬೇಕು ಅನಿಸಿತು. ಹಿಂದಿನಿಂದ ಬಂದ ಜನ ನನ್ನನ್ನು ತಳ್ಳಿಕೊಂಡು ಹೊರಗೆ ಹಾಕಿದರು.

ಹೊರಗೂ ಅದೇ ಕಥೆ. ಕಾಲುದಾರಿಗೆ ನಮ್ಮ ಕಲ್ಲು, ಹೋಟೆಲಿನ ಮೇಜಿಗೆ ನಮ್ಮ ಕಲ್ಲು, ಮೂತ್ರಿಗೂ ನಮ್ಮ ಕಲ್ಲು. ಆ ಊರಿನವರಿಗೆ ಶಹಾಬಾದ ಅಂದರೆ ಕಲ್ಲಿನ ಹೆಸರು. ಅದೊಂದು ಊರು, ಅಲ್ಲಿ ಮನುಷ್ಯರಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಶಹಾಬಾದದವನು ಅಂದರೆ ಒಬ್ಬ ಹೋಟೆಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ನೆಲಕ್ಕೆ ಹಾಸಿದ ಕಲ್ಲಿನ ಅಂಚು ಕಾಣುವುದಿಲ್ಲ. ಅಂಚು ಕಾಣುವುದು ಮೆಟ್ಟಿಲು, ಹೊಸ್ತಿಲು, ಕಟ್ಟೆಗಳಲ್ಲಿ ಮಾತ್ರ. ಹಾಗಾಗಿ ಓಣಿ ಓಣಿ ತಿರುಗಿ, ಬಗ್ಗಿ, ಕೂತು, ಕೈಯಾಡಿಸಿ ನೋಡುತ್ತ ಹೋದೆ. ಒಂದು ಕಡೆ ಕಳ್ಳ ಅಂತ ಅಟ್ಟಿದರು. ಇನ್ನೊಂದು ಕಡೆ ಹುಚ್ಚ ಅಂತ ಹುಡುಗರು ಬೆನ್ನು ಹತ್ತಿದರು. ಬೆಳಿಗ್ಗೆ ನಲ್ಲಿಯ ಹತ್ತಿರ ಕೂತು ಲಿಂಗಪೂಜೆ ಮಾಡುವಾಗ ಎಡ ಅಂಗೈ ನೋಡಿದರೆ ಸಾಕು, ಅಪ್ಪನ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು. ದೇವರನ್ನು ಕೈಯಲ್ಲಿ ಇಟ್ಟುಕೊಂಡು ಹೆತ್ತಪ್ಪನಿಗೆ ಶಾಪ ಹಾಕಿದ್ದೇನೆ. ಹಾಕಿದ್ದು ಹೌದು, ಮುಚ್ಚಿಡುವುದೇನು.

ಆರನೆಯ ದಿನ ಒಂದು ಚಾಳಿನ ಮೆಟ್ಟಿಲ ಹತ್ತಿರ ಕೂತಿದ್ದೆ. ಮೇಲಿನಿಂದ ಒಬ್ಬ ಹೆಂಗಸು ಬಕೀಟು ಹಿಡಿದು ಇಳಿದು ಬಂದಳು.

"ಕಾಯ ಬಘತೋಸ ರೇ?" ಏನು ನೋಡುತ್ತೀಯೋ ಅಂತ ಗದರಿದಳು.

"ಕಲ್ಲು ನೋಡ್ಲಿಕತ್ತೀನ್ರಿ ಬಾಯಿ" ಅಂದೆ.

ತನ್ನ ಕಾಲು ನೋಡುತ್ತಿದ್ದೇನೆ ಅಂತ ತಿಳಿದುಕೊಂಡಳೋ ಏನೋ, ಬಕೀಟಿನ ನೀರು ಪೂರಾ ನನ್ನ ತಲೆ ಮೇಲೆ ಸುರಿದಳು. ನೀರು ಮೆಟ್ಟಿಲ ಮೇಲಿನಿಂದ ಹರಿಯಿತು. ಒಣಗಿದ್ದಾಗ ಕಾಣದ ಗೀರು ಕಲ್ಲು ತೊಯ್ದರೆ ಕಾಣುತ್ತದೆ. ಕಂಡಿತು. ಎಲ್ಲ ಗೀರೂ ಎಡಚನ ಕಡೆಗೆ ವಾಲಿದ್ದವು. ಆ ಕಲ್ಲಿನ ಮೇಲೆ ಕೈಯಿಟ್ಟು "ಅಣ್ಣಾ" ಅಂತ ಕೂಗಿಬಿಟ್ಟೆ. ಆಕೆ ಬಕೀಟು ಅಲ್ಲೇ ಬಿಟ್ಟು ಮೇಲಕ್ಕೆ ಓಡಿದಳು.

ಅಣ್ಣ ಇಲ್ಲೇ ಎಲ್ಲೋ ಇದ್ದಾನೆ ಅಂತ ಆ ಓಣಿಯ ಸುತ್ತ ನಾಲ್ಕು ದಿನ ಗಾಣದೆತ್ತಿನ ಹಾಗೆ ತಿರುಗಿದೆ. ಎಡಗೈಯಲ್ಲಿ ಸುತ್ತಿಗೆ ಹಿಡಿಯುವ ಮೊಗಲಾಯಿ, ಅಂದರೆ ನಿಜಾಮರ ಸೀಮೆಯ, ಮನುಷ್ಯನನ್ನು ಕಂಡಿರಾ ಅಂತ ಕಂಡಕಂಡವರನ್ನೆಲ್ಲ ಕೇಳಿದೆ. ಕೊನೆಗೆ ಒಬ್ಬ ಗಾಡಿಯವನು ಬಂದರದ ಹತ್ತಿರದ ಕಲ್ಲಿನ ವಖಾರಿ ತೋರಿಸಿದ. ನಮ್ಮ ಕಡೆಯ ಕಲ್ಲೆಲ್ಲ ರೈಲಿನಿಂದ ಅಲ್ಲಿಗೆ ಬಂದು ಬೀಳುತ್ತಿತ್ತು.

ಅಲ್ಲಿನ ಮೇಸ್ತ್ರಿ ಚಿತ್ತಾಪುರದ ಮುಸಲ್ಮಾನರು. ಬಿಳಿ ಗಡ್ಡದ ಮುದುಕ. ಮುಂಬೈಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ನಮ್ಮದೇ. ಅದನ್ನು ಕೇಳಿ ಬೆನ್ನಿನ ಗಂಟು ಕೆಳಗಿಳಿಸಿದೆ.

"ಕುಂದ್ರು ತಮ್ಮಾ, ಕುಂದ್ರು. ಶಹಾಬಾದದಂವ ಮುಂಬೈಗಿ ಬಂದು ಕಲ್ಲು ನೋಡ್ಲಿಕತ್ತೀದಿ? ಊರಾಗ ಕಲ್ಲು ಮುಗದಾವೇನು?"

ಎಲ್ಲ ಹೇಳಿದೆ. ಅವರು ಮೊದಲು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಹುಚ್ಚಪ್ಪಾ, ಮುಂಬೈನಾಗ ಯಾರ ಅಂಚು ಹೊಡೀತಾರ? ರೈಲಿನಾಗ ತೂಕದ ಮ್ಯಾಲ ಬಾಡಿಗಿ. ಒಡದು ಚೆಲ್ಲೋ ಚೂರಿಗಿ ಯಾವ ಶೇಠ ಬಾಡಿಗಿ ಕೊಡ್ತಾನ? ಖಣಿ ಮ್ಯಾಲೇ ಅಂಚು ಹೊಡದು ಕಳಸ್ತಾರ. ನೀನೇ ಕಳಸಾಂವಲ್ಲೇನು?"

ನಾನೇ ಕಳಿಸುವವನು! ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿದವನು! ಆ ಚಾಳಿನ ಮೆಟ್ಟಿಲು ಅಣ್ಣ ಊರಿನಲ್ಲಿದ್ದಾಗ, ಅಪ್ಪನ ಕಣ್ಣು ತಪ್ಪಿಸಿ ಹೊಡೆದು ಕಳಿಸಿದ ಹಳೆಯ ಕಲ್ಲು. ಜನರ ಕಾಲಿಗೆ ಸವೆದು ನುಣ್ಣಗಾಗಿತ್ತು, ಅದನ್ನೂ ಕಂಡಿದ್ದೆ. ಇಷ್ಟು ಬುದ್ಧಿ ನನಗೂ ಹೊಳೆಯಲಿಲ್ಲ, ವೈನಿಗೂ ಹೊಳೆಯಲಿಲ್ಲ. ಬೇರೆ ಯಾವ ಊರಿನವನಾದರೂ ಇಂಥ ತಪ್ಪು ಮಾಡಿದರೆ ಕ್ಷಮಿಸಬಹುದಿತ್ತು. ಅಂಗೈಯಿಂದ ಹಣೆ ಹಣೆ ಬಡಿದುಕೊಂಡೆ. ಮೇಸ್ತ್ರಿ ನನ್ನ ಕೈ ಹಿಡಿದುಕೊಂಡರು.

ಎದ್ದು ಹೊರಡುವಾಗ ಗೇಟಿನ ಹತ್ತಿರ ಒಟ್ಟಿದ ಕಲ್ಲಿನ ರಾಶಿಯ ಮೇಲೆ ಸುಮ್ಮನೆ ಕೈ ಆಡಿಸಿದೆ. ಹನ್ನೊಂದು ದಿನದ ಚಟ. ಕೈ ಅಲ್ಲೇ ನಿಂತಿತು. ಎಡಗೈ ಪೆಟ್ಟು. ಒಂದರ ಮೇಲೊಂದು, ಇಪ್ಪತ್ತು ಕಲ್ಲು, ಎಲ್ಲ ಎಡಗೈ ಪೆಟ್ಟು. ಗೀರಿನಲ್ಲಿ ಇನ್ನೂ ಬಿಳಿ ಹುಡಿ ಇತ್ತು. ಬೆರಳಿಗೆ ಹತ್ತಿತು. ಕಲ್ಲಿನ ಬಣ್ಣ ನಮ್ಮ ಶಹಾಬಾದದ ಬೂದು ಬಣ್ಣ ಅಲ್ಲ, ಸ್ವಲ್ಪ ಹಳದಿಗೆ ತಿರುಗಿತ್ತು.

"ಚಾಚಾ, ಈ ಮಾಲು ಯಾವಾಗ ಬಂತ್ರಿ?"

"ಮೊನ್ನಿ ಬಂತು. ಸೇಡಂದು."

ಸೇಡಂ! ವಾಡಿಯಲ್ಲಿ ಅಣ್ಣ ನಿಂತಿದ್ದು ಮುಂಬೈ ಗಾಡಿಗಲ್ಲ, ಹೈದರಾಬಾದ ಕಡೆಯ ಗಾಡಿಗೆ. ಚಿತ್ತಾಪುರ ದಾಟಿದರೆ ಸೇಡಂ. ಮುಂಜಾನೆ ಮನೆಯಲ್ಲಿ ರೊಟ್ಟಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಅಷ್ಟು ಹತ್ತಿರ ಕೂತುಕೊಂಡು ಮೂರು ವರ್ಷ!

"ಬಂದೀದಿ, ಸಮುದ್ರರ ನೋಡ್ಕೊಂಡು ಹೋಗು. ಆ ಗೋದಾಮಿನ ಹಿಂದೇ ಅದ" ಅಂದರು ಮೇಸ್ತ್ರಿ. ಉಪ್ಪುಗಾಳಿ ಮುಖಕ್ಕೆ ಬಡಿಯುತ್ತಿತ್ತು.

"ನಂಗ ಯಾವ ಸಮುದ್ರನೂ ಬ್ಯಾಡ್ರಿ" ಅಂದವನೇ ಸ್ಟೇಷನ್ನಿನ ದಾರಿ ಹಿಡಿದೆ.

ಬರುವಾಗ ಗಾಡಿ ಶಹಾಬಾದದಲ್ಲಿ ನಿಂತಿತು. ನಾನು ಇಳಿಯಲಿಲ್ಲ. ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂನಲ್ಲಿ ಇಳಿದೆ. ಎಡಚ ಕಲ್ಲಿನವನು ಅಂತ ಕೇಳಿದ್ದಕ್ಕೆ ಮೊದಲು ಸಿಕ್ಕ ಮನುಷ್ಯನೇ ದಾರಿ ತೋರಿಸಿದ. ಚಿಂಚೋಳಿಗೆ ಹೋಗುವ ಬಂಡಿ ಹಾದಿಯ ಪಕ್ಕಕ್ಕೇ ಖಣಿ. ನೆತ್ತಿಯ ಮೇಲೆ ಬಿಸಿಲು. ಅಣ್ಣ ಬೆನ್ನು ಮಾಡಿ ಕೂತು ಅಂಚು ಹೊಡೆಯುತ್ತಿದ್ದ. ಸುತ್ತಿಗೆ ರಾಜಾರೋಷವಾಗಿ ಎಡಗೈಯಲ್ಲಿತ್ತು.

ನನ್ನನ್ನು ನೋಡಿ "ಬಾ" ಅಂದ. ಪಕ್ಕದ ಹೊಲದಿಂದ ಬಂದವನಿಗೆ ಅನ್ನುವ ಹಾಗೆ! ಆಮೇಲೆ ಕೇಳಿದ, "ಅಪ್ಪ ಅದಾನೇನು?"

"ಅದಾನ. ಗಟ್ಟಿಮುಟ್ಟಿ ಅದಾನ."

"ಹಂಗಾದ್ರ ನಾ ಬರಂಗಿಲ್ಲ." ಮತ್ತೆ ಕಲ್ಲಿನ ಕಡೆ ತಿರುಗಿದ.

"ವೈನಿ ಹ್ಯಾಂಗದಾಳ ಅಂತ ಕೇಳಬಾರದೇನು ನೀ?" ಅಂತ ಕಿರುಚಿದೆ.

"ಛಲೋ ಅದಾಳಲ್ಲ."

"ನಿನಗ ಹ್ಯಾಂಗ ಗೊತ್ತು?"

"ವರ್ಷಾ ಪಂಚಮಿಗಿ ತವರಿಗಿ ಹೋಗ್ತಾಳಲ್ಲ. ಟೇಸನ್ನಿನಿಂದ ಅಕಿ ಅಣ್ಣನ ಬಂಡಿ ಇದೇ ಹಾದ್ಯಾಗ ಹೋಗ್ತದ. ಇಲ್ಲಿಂದನೇ ನೋಡ್ತೀನಿ. ಹೋದ ವರ್ಷ ಹಸರು ಸೀರಿ ಉಟ್ಟಿದ್ಳು."

ವೈನಿಯ ತವರು ಚಿಂಚೋಳಿಯ ಆಚೆ, ಕುಂಚಾವರಂ ಅಡವಿಯ ಕಡೆ. ಪ್ರತಿ ವರ್ಷ ಸೇಡಂನಲ್ಲಿ ಇಳಿದೇ ಹೋಗುತ್ತಿದ್ದಳು. ಇವನು ಇಲ್ಲಿ ಕೂತು ಅವಳ ಬಂಡಿ ಹೋಗುವುದನ್ನೂ ಬರುವುದನ್ನೂ ನೋಡಿದ್ದಾನೆ. ಒಂದು ಸಲ ಎದ್ದು ನಿಂತಿಲ್ಲ. ಗಂಟಿನಿಂದ ಸುತ್ತಿಗೆ ಎಳೆದು ಬೀಸಿದೆ. ಅವನ ತಲೆಗೆ ಬೀಸಬೇಕು ಅಂತಲೇ ಎತ್ತಿದ್ದು, ಬಿದ್ದದ್ದು ಅವನು ಮುಗಿಸಿಟ್ಟ ಕಲ್ಲಿನ ಮೇಲೆ. ಅದು ನಡುವೆ ಸೀಳಿತು.

"ಕಲ್ಲೇನು ಮಾಡಿತ್ತು ನಿನಗ?" ಅಂದ ಅಣ್ಣ. ದನಿ ಎತ್ತಲಿಲ್ಲ. ಆಮೇಲೆ, "ಅಪ್ಪ ಹ್ವಾದ ಮ್ಯಾಲ ಬರ್ತೀನಿ. ಅಲ್ಲೀಗಂಟ ಹಂಗೇ ಇರು ಅಂತ ಹೇಳು ಅಕಿಗಿ" ಅಂದ. ಅವನ ಬರಿ ಬೆನ್ನ ಮೇಲೆ ಹಗ್ಗದ ಬಾಸುಂಡೆಯ ಕಲೆ ಇನ್ನೂ ಕಪ್ಪಗೆ ಉಳಿದಿತ್ತು. ಅದನ್ನು ನೋಡಿದರೂ ನನ್ನ ಸಿಟ್ಟು ಕಡಿಮೆಯಾಗಲಿಲ್ಲ.

ಗಾಡಿಯಲ್ಲಿ ಬರುವಾಗ ಸುಳ್ಳು ಹೇಳಿಬಿಡಲೇ ಅಂತ ಲೆಕ್ಕ ಹಾಕಿದೆ. ಸತ್ತ ಅಂದರೆ ಅಪ್ಪ ಗೆಲ್ಲುತ್ತಾನೆ. ಮುಂಬೈಯಲ್ಲಿ ಇದ್ದಾನೆ ಅಂದರೆ ಅವಳು ಇನ್ನೂ ಕಾಯುತ್ತಾಳೆ. ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ವೈನಿ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇಬ್ಬರಿಗೂ ಕೇಳುವ ಹಾಗೆ "ಅದಾನ" ಅಂದೆ.

ವೈನಿ ಜೋಳದ ಮೊರ ಕೆಳಗಿಟ್ಟು ಎದ್ದು ನಿಂತಳು. ಮೂರು ವರ್ಷದಲ್ಲಿ ಆ ಮುಖದ ಮೇಲೆ ನಾನು ಅಂಥ ಬೆಳಕು ಕಂಡಿರಲಿಲ್ಲ. "ಮುಂಬೈನಾಗ?"

"ಸೇಡಂನಾಗ. ಚಿಂಚೋಳಿ ಹಾದಿ ಮ್ಯಾಲ ಒಂದು ಖಣಿ ಅದ..."

ಪೂರ್ತಿ ಹೇಳುವುದು ಬೇಕಾಗಲಿಲ್ಲ. ಆ ಹಾದಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಬಂಡಿ ಕಾಣ್ತಿತ್ತೇನು ಅವರಿಗಿ?"

"ಕಾಣ್ತಿತ್ತಂತ. ಹೋದ ವರ್ಷ ಹಸರು ಸೀರಿ ಉಟ್ಟಿದ್ದಿ ಅಂದ."

ವೈನಿ ಹೊಸ್ತಿಲ ಮುಂದೆ ಕೂತಳು. ಎರಡೂ ಕೈ ಎತ್ತಿ ಕಲ್ಲಿನ ಹೊಸ್ತಿಲಿಗೆ ಬಡಿದಳು. ಹಸಿರು ಬಳೆ ಚೂರು ಚೂರಾಗಿ ಜೋಳದ ಮೇಲೆ ಬಿದ್ದವು. ಅಪ್ಪ ಕಟ್ಟೆಯಿಂದ ಹಾರಿ ಎದ್ದ.

"ಏ! ಗಂಡ ಬದುಕ್ಯಾನಂದ ಮ್ಯಾಲ ಬಳಿ ಒಡೀತಾರೇನು? ತಲಿ ಕೆಟ್ಟದೇನು ನಿಂದು?" ಬಳೆ ಒಡೆಸಲು ಓಣಿಯನ್ನೇ ಕೂಡಿಸಿದ್ದ ಮನುಷ್ಯ ಈ ಮಾತು ಆಡಿದ! ನಾನು ಅವನ ಮುಂದೆ ಹೋಗಿ ನಿಂತೆ. ಇನ್ನೊಂದು ಮಾತು ಆಡಿದ್ದರೆ ಅವತ್ತು ನನ್ನ ಕೈ ಏನು ಮಾಡುತ್ತಿತ್ತೋ.

ವೈನಿ ಅಳಲಿಲ್ಲ. "ಸತ್ತಾರಂತ ನೀವು ಅಂದ್ರಿ, ನಾ ನಂಬಲಿಲ್ರಿ ಮಾವ. ಮುಂಬೈನಾಗ ದಾರಿ ತಪ್ಪಿದ ಗಂಡನ ಸಲುವಾಗಿ ಇವನ್ನ ಇಟ್ಕೊಂಡಿದ್ದೆ. ಹಾದಿ ಬದಿಗಿ ಕುಂತು ನನ್ನ ಬಂಡಿ ನೋಡೋ ಗಂಡ ನಂಗ ಬ್ಯಾಡ." ಮಣಿಕಟ್ಟಿನಿಂದ ರಕ್ತ ಬರುತ್ತಿತ್ತು. ಸೆರಗಿನಿಂದ ಒರೆಸಿಕೊಂಡಳು. ಜೋಳದಿಂದ ಬಳೆಯ ಚೂರು ಒಂದೊಂದೇ ಆರಿಸಿ ತೆಗೆದಳು. ಒಳಗೆ ಹೋಗಿ ನನಗೆ ನೀರು ತಂದುಕೊಟ್ಟು ಎದುರಿಗೆ ಕೂತಳು.

"ಇರ್ಲಿ. ಸಮುದ್ರ ಹ್ಯಾಂಗಿತ್ತು, ಅದನ್ನರ ಹೇಳು."

ಗೋದಾಮಿನ ಹಿಂದೆಯೇ ಇತ್ತು, ಹತ್ತು ಹೆಜ್ಜೆ.

"ನೋಡ್ಲಿಲ್ಲ ವೈನಿ."

ಅವಳು ನನ್ನನ್ನೇ ನೋಡಿದಳು. ಅಪ್ಪನ ಮೇಲಾಗಲಿ, ಅಣ್ಣನ ಮೇಲಾಗಲಿ ಬಾರದ ಸಿಟ್ಟು ಆಗ ಅವಳ ದನಿಯಲ್ಲಿ ಬಂತು.

"ಅಷ್ಟು ದೂರ ಹೋಗಿ, ನೀನೂ ನನ್ನಂಗ ಅವರೊಬ್ಬರನ್ನೇ ಹುಡಕ್ಕೋತ ಬಂದ್ಯಾ?"

ನೀರಿನ ತಂಬಿಗೆ ಕೈಯಲ್ಲೇ ಇತ್ತು. ನಾನು ಕುಡಿಯಲಿಲ್ಲ.